ಲಿಟ್ಲ್ ಫೈಟರ್ 2 ಇನ್ನೂ ಏಕೆ ನಮ್ಮನ್ನು ಬಿಡುತ್ತಿಲ್ಲ?

ಮೂಲೆಮನೆ:
ಎಲ್ಲರಿಗೂ ನಮಸ್ಕಾರ. ಲಿಟ್ಲ್ ಫೈಟರ್ 2 ಬಂದದ್ದು 1999ರಲ್ಲಿ. ಹಾಂಗ್‌ಕಾಂಗ್‌ನ ಮಾರ್ಟಿ ವಾಂಗ್ ಮತ್ತು ಸ್ಟಾರ್‌ಸ್ಕಿ ವಾಂಗ್ ಸೇರಿ ಮಾಡಿ, ಕಾಸು ಕೇಳದೆ ಹಂಚಿದ ಕಂಪ್ಯೂಟರ್ ಕಾದಾಟದ ಆಟ. ಚಿತ್ರಗಳೆಲ್ಲ ಚುಕ್ಕೆ ಚುಕ್ಕೆ, ಕಥೆ ಹೆಸರಿಗೆ ಮಾತ್ರ, ಸಂಗೀತವಂತೂ ಹತ್ತು ನಿಮಿಷದಲ್ಲಿ ಬಾಯಿಪಾಠವಾಗುತ್ತದೆ. ಆದರೂ ಕಂಪ್ಯೂಟರ್ ಬದಲಾದಾಗಲೆಲ್ಲ ನಾನು ಮೊದಲು ನಕಲು ಮಾಡಿಕೊಳ್ಳುವ ಫೋಲ್ಡರ್ ಅದೇ.

ನಮ್ಮ ಭಾವನವರು "ಹಳೆಯ ನೆನಪಿನ ಹುಚ್ಚು, ಬೇರೇನೂ ಇಲ್ಲ" ಎಂದು ತಳ್ಳಿಹಾಕುತ್ತಾರೆ. ಸರಿ ಎನ್ನೋಣ. ಆದರೆ ಅವರದೇ ಮಗ, ಹನ್ನೆರಡು ವರ್ಷದವನು, ದುಬಾರಿ ಆಟಗಳನ್ನೆಲ್ಲ ಪಕ್ಕಕ್ಕಿಟ್ಟು ಎರಡು ದಿನದಿಂದ ಇದಕ್ಕೇ ಅಂಟಿಕೊಂಡಿದ್ದಾನೆ. ಅವನಿಗೆ ಯಾವ ಹಳೆಯ ನೆನಪು? ಕಾರಣ ಆಟದೊಳಗೇ ಇರಬೇಕಲ್ಲವೇ? ನಿಮಗೆ ಏನನ್ನಿಸುತ್ತದೆ, ಹೇಳಿ.

ಜೊತೆಗೆ ಒಂದು ಸಣ್ಣ ಸಮಸ್ಯೆ. ಮೂವರು ಒಂದೇ ಕೀಬೋರ್ಡ್‌ನಲ್ಲಿ ಆಡುವಾಗ ನಡುನಡುವೆ ನನ್ನ ಪಾತ್ರ ಕಲ್ಲಿನಂತೆ ನಿಂತುಬಿಡುತ್ತದೆ. ಕೀ ಒತ್ತಿಯೇ ಇರುತ್ತೇನೆ, ಏನೂ ಆಗುವುದಿಲ್ಲ. ಕೀಬೋರ್ಡ್ ಹೊಸದು.

ಏಳುಕೀಲಿ:
ಕಾರಣ ಬಹಳ ಸರಳ. ಒಬ್ಬ ಆಟಗಾರನಿಗೆ ಏಳೇ ಕೀ. ನಾಲ್ಕು ದಿಕ್ಕಿಗೆ ನಾಲ್ಕು, ಹೊಡೆಯಲು ಒಂದು, ಜಿಗಿಯಲು ಒಂದು, ತಡೆಯಲು ಒಂದು. ಅಷ್ಟರಲ್ಲೇ ಎಲ್ಲ ವಿದ್ಯೆಯೂ ಅಡಗಿದೆ. ತಡೆ, ಮುಂದೆ, ಹೊಡೆತ ಎಂದು ಒಂದರ ಹಿಂದೆ ಒಂದು ಒತ್ತಿದರೆ ಡೇವಿಸ್ ಎಂಬ ಪಾತ್ರದ ಕೈಯಿಂದ ನೀಲಿ ಚೆಂಡು ಹಾರುತ್ತದೆ. ಅದೇ ಕ್ರಮದಲ್ಲಿ ಒತ್ತಿದರೆ ಫ್ರೀಜ್‌ನಿಂದ ಹಿಮ, ಫೈರೆನ್‌ನಿಂದ ಬೆಂಕಿ. ಒಂದು ಪಾತ್ರವನ್ನು ಕಲಿತವನು ಅರ್ಧ ಆಟವನ್ನೇ ಕಲಿತ ಹಾಗೆ. ಹನ್ನೆರಡರ ಹುಡುಗ ಎರಡು ದಿನ ಅಂಟಿಕೊಂಡದ್ದರಲ್ಲಿ ಆಶ್ಚರ್ಯವೇನಿದೆ?

ನಿದ್ದೆಗೆಟ್ಟವನು:
ಬಿಟ್ಟಿ ಸಿಕ್ಕಿದ್ದರಿಂದ ಆಡಿದೆವು. ಇದಕ್ಕೆ ಇಷ್ಟೊಂದು ತತ್ವಶಾಸ್ತ್ರ ಏಕೆ?

ಬೆಳ್ಳಿಚುಕ್ಕಿ:
ಬಿಟ್ಟಿ ಸಿಕ್ಕಿದ ಆಟಗಳು ಸಾವಿರಾರು ಇದ್ದವು ಸ್ವಾಮಿ. ಅವುಗಳಲ್ಲಿ ಎಷ್ಟರ ಹೆಸರು ನಿಮಗೆ ಇಂದು ನೆನಪಿದೆ? ಬಿಟ್ಟಿ ಎಂಬುದು ಬಾಗಿಲು ತೆರೆಯುತ್ತದೆ, ಒಳಗೆ ಕೂರಿಸುವ ಕೆಲಸವನ್ನು ಆಟವೇ ಮಾಡಬೇಕು.

ತಾಂತ್ರಿಕತಾತ:
ಮೊದಲು ಕೀಬೋರ್ಡ್ ವಿಷಯ ಮುಗಿಸೋಣ, ಆಮೇಲೆ ಜಗಳವಾಡಿ.

ಮೂಲೆಮನೆಯವರೇ, ನಿಮ್ಮ ಕೀಬೋರ್ಡ್ ಕೆಟ್ಟಿಲ್ಲ. ಅಗ್ಗದ ಕೀಬೋರ್ಡ್‌ಗಳಲ್ಲಿ ಪ್ರತಿ ಕೀಗೂ ಪ್ರತ್ಯೇಕ ತಂತಿ ಇರುವುದಿಲ್ಲ. ಅಡ್ಡ ಸಾಲು, ಉದ್ದ ಸಾಲುಗಳ ಬಲೆ ಇರುತ್ತದೆ. ಎರಡು ಸಾಲು ಕೂಡುವ ಜಾಗದಲ್ಲಿ ಒಂದು ಕೀ. ಆ ಬಲೆಯಲ್ಲಿ ಒಂದು ಚೌಕದ ಮೂರು ಮೂಲೆಯ ಕೀಗಳನ್ನು ಒಟ್ಟಿಗೆ ಒತ್ತಿದರೆ ವಿದ್ಯುತ್ತು ಸುತ್ತಿಕೊಂಡು ಬಂದು, ಒತ್ತದಿರುವ ನಾಲ್ಕನೆಯ ಮೂಲೆಯೂ ಒತ್ತಿದಂತೆ ಕಾಣುತ್ತದೆ. ಈ ಭೂತದ ಕಾಟ ಬೇಡವೆಂದು ಕೀಬೋರ್ಡಿನ ಒಳಗಿನ ಚಿಪ್ ಅನುಮಾನ ಬಂದ ಕೂಡಲೇ ಮೂರನೆಯ ಕೀಯನ್ನೇ ಕೈಬಿಡುತ್ತದೆ. ನಾಲ್ವರು ಆಡಿದರೆ 28 ಕೀಗಳು ಬಳಕೆಯಲ್ಲಿರುತ್ತವೆ, ಯಾವ ಕ್ಷಣದಲ್ಲೂ ಎಂಟು ಹತ್ತು ಬೆರಳು ಕೆಳಗಿರುತ್ತವೆ. ಕಲ್ಲಾಗದೆ ಇನ್ನೇನಾಗುತ್ತದೆ?

ಪರಿಹಾರ: ಇನ್ನೊಂದು ಯುಎಸ್‌ಬಿ ಕೀಬೋರ್ಡನ್ನು ಅದೇ ಕಂಪ್ಯೂಟರ್‌ಗೆ ಚುಚ್ಚಿ. ಎರಡೂ ಒಂದೇ ಕೀಬೋರ್ಡ್ ಎಂಬಂತೆ ಆಟ ತೆಗೆದುಕೊಳ್ಳುತ್ತದೆ, ಆದರೆ ಬಲೆ ಎರಡಾಗಿರುತ್ತದೆ. ಇಬ್ಬರು ಇದರಲ್ಲಿ, ಒಬ್ಬರು ಅದರಲ್ಲಿ. ಒಬ್ಬೊಬ್ಬರಿಗೂ ಬೇರೆ ಬೇರೆ ಅಕ್ಷರದ ಕೀಗಳನ್ನೇ ಹೊಂದಿಸಿಕೊಳ್ಳುವುದನ್ನು ಮಾತ್ರ ಮರೆಯಬೇಡಿ.

ಮೂಲೆಮನೆ:
ತಾತಾ, ಧನ್ಯವಾದ! ಅಟ್ಟದ ಮೇಲಿದ್ದ ಹಳೆಯ ಕೀಬೋರ್ಡ್ ತಂದು ಚುಚ್ಚಿದೆ, ಕಲ್ಲಾಗುವುದು ನಿಂತಿತು. ಈಗ ಸೋತರೆ ನೆಪ ಹೇಳಲು ಮಾತ್ರ ಏನೂ ಉಳಿದಿಲ್ಲ.

ಕೊಳಲುಬಾಣ:
ಆ ಕಲ್ಲಾಗುವುದೂ ಒಂದು ಕುಟಿಲ ವಿದ್ಯೆಯಾಗಿತ್ತು. ಎದುರಾಳಿ ಓಡಿ ಬರುವ ಹೊತ್ತಿಗೆ ಬೇಕೆಂದೇ ನಮ್ಮ ಮೂರು ಕೀ ಒತ್ತಿ ಹಿಡಿದರೆ ಅವನ ಜಿಗಿತ ಸತ್ತುಹೋಗುತ್ತಿತ್ತು. ಯಾವ ಮೂರು ಎಂದು ಹೇಳುವುದಿಲ್ಲ.

ಏಳುಕೀಲಿ:
ಹೆನ್ರಿ ಪಾತ್ರ ಆಡುವವರಿಂದ ಇನ್ನೇನನ್ನು ನಿರೀಕ್ಷಿಸಲು ಸಾಧ್ಯ.

ಕೊಳಲುಬಾಣ:
ಹೆನ್ರಿಗೇನಾಗಿದೆ?

ಏಳುಕೀಲಿ:
ಮೂಲೆಯಲ್ಲಿ ನಿಂತು ಬಾಣ ಬಿಡುವುದು, ಹತ್ತಿರ ಹೋದರೆ ಕೊಳಲು ಊದಿ ಎಲ್ಲರನ್ನೂ ಗಾಳಿಗೆ ಎತ್ತುವುದು. ಅದನ್ನು ಕಾದಾಟ ಎನ್ನುತ್ತಾರೆಯೇ?

ಕೊಳಲುಬಾಣ:
ಬಾಣವನ್ನು ತಡೆಯಬಹುದು, ಜಿಗಿದು ದಾಟಬಹುದು, ಒಂದು ಹೆಜ್ಜೆ ಮೇಲೆ ಅಥವಾ ಕೆಳಗೆ ಸರಿದರೆ ಪಕ್ಕದಲ್ಲೇ ಹಾದುಹೋಗುತ್ತದೆ. ಈ ಆಟದಲ್ಲಿ ನೆಲಕ್ಕೆ ಆಳವಿದೆ ಎಂಬುದನ್ನು ಮರೆತು ಒಂದೇ ಗೆರೆಯ ಮೇಲೆ ಓಡಿ ಬರುವವರಿಗೆ ಮಾತ್ರ ಹೆನ್ರಿ ದುಃಸ್ವಪ್ನ. ಸರಿಯಲು ಕಲಿಯಿರಿ.

ಪುಸ್ತಕಹುಳು:
ಕೊಳಲುಬಾಣ ಹೇಳಿದ ಆಳದ ವಿಷಯವೇ ನನಗೆ ಮುಖ್ಯ ಎನ್ನಿಸುತ್ತದೆ. ಎಲ್ಲರೂ ಇದನ್ನು ಸ್ಟ್ರೀಟ್ ಫೈಟರ್ ಸಾಲಿಗೆ ಸೇರಿಸುತ್ತಾರೆ, ಹೆಸರೂ ಹಾಗೇ ಇದೆ. ಆದರೆ 1991ರ ಸ್ಟ್ರೀಟ್ ಫೈಟರ್ 2ರಲ್ಲಿ ಇಬ್ಬರೇ, ಒಂದೇ ಗೆರೆ, ಹೊಡೆಯಲು ಆರು ಗುಂಡಿ. ಇನ್ನೊಂದು ಕಡೆ 1987ರ ಡಬಲ್ ಡ್ರ್ಯಾಗನ್, 1989ರ ಫೈನಲ್ ಫೈಟ್ ವಂಶ. ಅಲ್ಲಿ ಬೀದಿಯಲ್ಲಿ ಒಳಕ್ಕೂ ಹೊರಕ್ಕೂ ನಡೆಯಬಹುದು, ಗುಂಪು ಗುಂಪಾಗಿ ಪುಂಡರು ಬರುತ್ತಾರೆ, ನೆಲದಲ್ಲಿ ಬಿದ್ದದ್ದನ್ನು ಎತ್ತಿಕೊಂಡು ಬಾರಿಸಬಹುದು. ಆದರೆ ಅವು ಮೂಲತಃ ಎಲ್ಲರೂ ಸೇರಿ ಯಂತ್ರದ ಮೇಲೆ ಹೋರಾಡುವ ಆಟಗಳು.

ಲಿಟ್ಲ್ ಫೈಟರ್ 2 ಈ ಎರಡನ್ನೂ ಬೆಸೆಯಿತು. ಸ್ಟ್ರೀಟ್ ಫೈಟರ್‌ನ ವಿಶೇಷ ಹೊಡೆತಗಳನ್ನು ತಂದು ಆ ಬೀದಿಯ ಆಳದಲ್ಲಿ ಹಾಕಿ, ಎಂಟು ಜನರನ್ನು ಒಟ್ಟಿಗೆ ಒಳಗೆ ಬಿಟ್ಟಿತು. ನಾಲ್ವರು ಮನುಷ್ಯರು ಒಂದೇ ಕಂಪ್ಯೂಟರ್‌ನಲ್ಲಿ, ಉಳಿದ ಜಾಗಕ್ಕೆ ಯಂತ್ರದ ಪಾತ್ರಗಳು ಅಥವಾ ನೆಟ್‌ವರ್ಕಿನ ಆಚೆಯವರು. ಬೇಕಾದಂತೆ ತಂಡ ಕಟ್ಟಬಹುದು, ಯಾರ ತಂಡವೂ ಇಲ್ಲದೆ ಎಲ್ಲರೂ ಎಲ್ಲರ ಮೇಲೂ ಬೀಳಬಹುದು. ಅದೇ 1999ರ ಜನವರಿಯಲ್ಲಿ ನಿಂಟೆಂಡೊ ಕಂಪನಿ ನಾಲ್ವರು ಒಟ್ಟಿಗೆ ಹೊಡೆದಾಡುವ ಸೂಪರ್ ಸ್ಮ್ಯಾಶ್ ಬ್ರದರ್ಸ್ ತಂದಿತ್ತು. ಅಲ್ಲಿ ದೊಡ್ಡ ಕಂಪನಿ, ಇಲ್ಲಿ ಇಬ್ಬರು. ಎರಡೂ ಕಡೆ ಕಾದಾಟದ ಆಟವನ್ನು ಇಬ್ಬರ ಪಂದ್ಯದಿಂದ ಬಿಡಿಸಿ ಗುಂಪಿನ ಗದ್ದಲವಾಗಿಸಿದ್ದಾರೆ.

ನಿದ್ದೆಗೆಟ್ಟವನು:
ಇಷ್ಟು ಉದ್ದ ಬರೆದು ಗದ್ದಲ ಚೆನ್ನಾಗಿರುತ್ತದೆ ಎಂದು ಹೇಳಿದಿರಿ.

ಪುಸ್ತಕಹುಳು:
ಹೌದು, ಗದ್ದಲಕ್ಕೂ ವ್ಯಾಕರಣ ಬೇಕು ಎಂದು ಹೇಳಿದೆ.

ಹೊಸಬಳು:
ನಾನು ಈ ಆಟ ಶುರುಮಾಡಿ ಹೆಚ್ಚು ದಿನವಾಗಿಲ್ಲ, ಬಾಲ್ಯದ ನೆನಪು ಗಿನಪು ನನಗಿಲ್ಲ. ಒಂದು ಪ್ರಶ್ನೆ. ಸಾಯುವ ಹಂತಕ್ಕೆ ಬಂದವರೇ ಹೆಚ್ಚು ಹೊಡೆಯುತ್ತಾರಲ್ಲ, ಏಕೆ? ನಾನು ಮುಕ್ಕಾಲು ಪಾಲು ಗೆದ್ದಿರುತ್ತೇನೆ, ಕೊನೆಯಲ್ಲಿ ನನ್ನ ತಮ್ಮ ಒಂದರ ಮೇಲೊಂದು ಚೆಂಡು ಬಿಟ್ಟು ಮುಗಿಸಿಬಿಡುತ್ತಾನೆ. ಮೋಸ ಮಾಡುತ್ತಿದ್ದಾನೆಯೇ?

ತಾಂತ್ರಿಕತಾತ:
ತಮ್ಮನನ್ನು ಬೈಯಬೇಡಮ್ಮ. ಆಟದ ಲೆಕ್ಕವೇ ಹಾಗಿದೆ.

ಪ್ರತಿ ಪಾತ್ರಕ್ಕೂ ಎರಡು ಪಟ್ಟಿ. ಕೆಂಪು ಜೀವ, ನೀಲಿ ಶಕ್ತಿ. ಸಾಮಾನ್ಯವಾಗಿ ಎರಡರ ಮಿತಿಯೂ 500. ಚೆಂಡು ಬಿಡುವುದಕ್ಕೆ, ಬೆಂಕಿ ಕಾರುವುದಕ್ಕೆ ನೀಲಿ ಖರ್ಚಾಗುತ್ತದೆ, ಅದು ತಾನಾಗಿ ಮೆಲ್ಲಗೆ ತುಂಬಿಕೊಳ್ಳುತ್ತದೆ. ಗುಟ್ಟೇನೆಂದರೆ ಕೆಂಪು ಕಡಿಮೆಯಾದಷ್ಟೂ ನೀಲಿ ಬೇಗ ತುಂಬುತ್ತದೆ. ಪೆಟ್ಟು ತಿಂದವನಿಗೆ ಕೋಪ ಹೆಚ್ಚು ಎಂದುಕೊಳ್ಳಿ. ಹಾಗಾಗಿ ಸೋಲುತ್ತಿರುವವನಿಗೆ ಕೊನೆಯವರೆಗೂ ಆಸೆ ಇರುತ್ತದೆ, ಗೆಲ್ಲುತ್ತಿರುವವನು ಮೈಮರೆಯುವಂತಿಲ್ಲ.

ಕೆಂಪು ಪಟ್ಟಿಯನ್ನೂ ಗಮನಿಸಿ ನೋಡಿ, ಎರಡು ಬಣ್ಣ ಇದೆ. ಹೊಳೆಯುವ ಕೆಂಪು ಈಗಿನ ಜೀವ, ಅದರ ಹಿಂದಿನ ಕಡುಕೆಂಪು ಎಲ್ಲಿಯವರೆಗೆ ಚೇತರಿಸಿಕೊಳ್ಳಬಹುದು ಎಂಬುದರ ಗಡಿ. ಬಿದ್ದ ಪೆಟ್ಟಿನ ಸುಮಾರು ಮೂರನೇ ಒಂದು ಭಾಗದಷ್ಟು ಆ ಗಡಿಯೂ ಕುಗ್ಗುತ್ತದೆ. ಅಂದರೆ ಓಡಿಹೋಗಿ ಸುಮ್ಮನೆ ನಿಂತರೆ ಸ್ವಲ್ಪ ಜೀವ ಮರಳುತ್ತದೆ, ಪೂರ್ತಿ ಮರಳುವುದಿಲ್ಲ. ಎಷ್ಟು ಹೊತ್ತು ತಪ್ಪಿಸಿಕೊಂಡು ತಿರುಗಬಹುದು ಎಂಬುದಕ್ಕೂ ಹೀಗೆ ಒಂದು ಕೊನೆ ಇಟ್ಟಿದ್ದಾರೆ.

ಬೆಳ್ಳಿಚುಕ್ಕಿ:
ಲೂಯಿಸ್‌ನನ್ನೇ ನೋಡಿ. ಜೀವ ಮೂರರಲ್ಲಿ ಒಂದು ಪಾಲಿಗಿಂತ ಕೆಳಗಿಳಿದ ಮೇಲೆ ತಡೆ, ಜಿಗಿತ, ಹೊಡೆತ ಎಂದು ಒತ್ತಿದರೆ ಕವಚವನ್ನು ಸಿಡಿಸಿ ಎಸೆದು ಬೇರೆಯೇ ಆಳಾಗಿ ನಿಲ್ಲುತ್ತಾನೆ. ಎಸೆದ ಕವಚದ ತುಂಡುಗಳು ನೆಲದಲ್ಲೇ ಬಿದ್ದಿರುತ್ತವೆ, ಯಾರು ಬೇಕಾದರೂ ಎತ್ತಿಕೊಂಡು ಎಸೆಯಬಹುದು! ಆ ಸಣ್ಣ ವಿವರಕ್ಕೆ ನಾನು ಇಂದಿಗೂ ಸೋಲುತ್ತೇನೆ. ಫೈರೆನ್ ಮತ್ತು ಫ್ರೀಜ್ ಇಬ್ಬರೂ ಒಂದೇ ತಂಡದಲ್ಲಿದ್ದು, ಇಬ್ಬರ ಜೀವವೂ ಕ್ಷೀಣಿಸಿದ್ದರೆ ಒಂದಾಗಿ ಫೈರ್ಜೆನ್ ಆಗುತ್ತಾರೆ. ಸೋಲಿನ ಅಂಚಿನಲ್ಲಿ ನಿಂತವರಿಗೆ ಮಾತ್ರ ತೆರೆಯುವ ಬಾಗಿಲುಗಳು ಇವು.

ಏಳುಕೀಲಿ:
ಫೈರೆನ್ ಜೊತೆ ಒಂದೇ ತಂಡದಲ್ಲಿ ಇರುವುದೇ ಒಂದು ಶಿಕ್ಷೆ. ಸ್ನೇಹಿತರ ಚೆಂಡು ನಮಗೆ ತಾಗುವುದಿಲ್ಲ, ಸರಿ. ಆದರೆ ಬೆಂಕಿಗೆ ಸ್ನೇಹಿತ ಶತ್ರು ಎಂಬ ಭೇದವಿಲ್ಲ. ಅವನು ಹೊತ್ತಿಸಿದ ಪುಂಡ ಉರಿಯುತ್ತಾ ಹಾರಿ ಬಂದು ನನಗೆ ತಗುಲಿದರೆ ನಾನೂ ಉರಿಯಬೇಕು.

ಮೂಲೆಮನೆ:
ನಮ್ಮಲ್ಲಿ ಅರ್ಧ ಜಗಳ ಅದರಿಂದಲೇ. "ಬೇಕೆಂದು ಮಾಡಿದೆ" "ಇಲ್ಲ, ನೀನೇ ಅಡ್ಡ ಬಂದೆ."

ಅಳಿಸಿದಕಡತ:
ಎಲ್ಲರೂ ಆಡುವವರ ಬಗ್ಗೆಯೇ ಮಾತನಾಡುತ್ತಿದ್ದೀರಿ. ಈ ಆಟ ಉಳಿದದ್ದು ಬಿಚ್ಚಿ ನೋಡುವವರಿಂದ ಎಂದು ನನ್ನ ವಾದ.

ಫೋಲ್ಡರ್ ಒಳಗೆ ಡೇಟಾ ಎಂಬ ಇನ್ನೊಂದು ಫೋಲ್ಡರ್ ಇದೆ. ಪ್ರತಿ ಪಾತ್ರಕ್ಕೂ ಒಂದು ಡ್ಯಾಟ್ ಕಡತ. ನೇರವಾಗಿ ತೆರೆದರೆ ಅರ್ಥವಾಗದ ಅಕ್ಷರಗಳು, ಏಕೆಂದರೆ ಅದನ್ನು ಗೂಢಲಿಪಿ ಮಾಡಿದ್ದಾರೆ. ಗೂಢಲಿಪಿ ಎಂದರೆ ಬ್ಯಾಂಕಿನ ಬೀಗವಲ್ಲ. ಅದರ ಕೀಲಿ, ಒಂದು ಕರಡಿ ತುಂಬಾ ಒಳ್ಳೆಯದು ಎಂದು ಹೇಳುವ ತಮಾಷೆಯ ಇಂಗ್ಲಿಷ್ ವಾಕ್ಯ! ಅಭಿಮಾನಿಗಳು ಅದನ್ನು ಬಿಡಿಸಿದರು, ಬಿಡಿಸುವ ಸಲಕರಣೆ ಎಲ್ಲೆಡೆ ಹರಡಿತು.

ಬಿಡಿಸಿದ ಮೇಲೆ ಕಾಣುವುದು ಬರೀ ಪಠ್ಯ. ಒಂದೊಂದು ಭಂಗಿಗೂ ಒಂದೊಂದು ಫ್ರೇಮ್, ಅದಕ್ಕೊಂದು ಸಂಖ್ಯೆ. 0 ಎಂದರೆ ಸುಮ್ಮನೆ ನಿಂತಿರುವುದು, 60ರಿಂದ ಗುದ್ದು ಶುರು. ಪ್ರತಿ ಫ್ರೇಮಿನಲ್ಲೂ ಯಾವ ಚಿತ್ರ, ಎಷ್ಟು ಹೊತ್ತು ನಿಲ್ಲಬೇಕು, ಮುಂದೆ ಯಾವ ಫ್ರೇಮಿಗೆ ಹೋಗಬೇಕು, ಎಷ್ಟು ವೇಗದಲ್ಲಿ ಸರಿಯಬೇಕು ಎಂದು ಬರೆದಿರುತ್ತದೆ. ಕೆಳಗೆ ಎರಡು ಚೌಕದ ಅಳತೆ. ಒಂದು ಪೆಟ್ಟು ಬೀಳಬಹುದಾದ ಮೈ, ಇನ್ನೊಂದು ಪೆಟ್ಟು ಕೊಡುವ ಜಾಗ. ಗುದ್ದಿನ ಫ್ರೇಮಿನಲ್ಲಿ ಗಾಯದ ಸಂಖ್ಯೆಯನ್ನು 20ರಿಂದ 200 ಮಾಡಿ ಉಳಿಸಿ, ಆಟ ತೆರೆದು ಗುದ್ದಿ. ಎದುರಿನವನ ಜೀವದ ಪಟ್ಟಿ ಒಂದೇ ಏಟಿಗೆ ಎಷ್ಟು ಕುಸಿಯುತ್ತದೆ ಎಂದು ನೋಡುವ ಖುಷಿ ಇದೆಯಲ್ಲ, ನನಗೆ ಪ್ರೋಗ್ರಾಮಿಂಗ್ ಹುಚ್ಚು ಹಿಡಿದದ್ದು ಅಲ್ಲಿಂದ. ಯಾವ ತರಗತಿಯಲ್ಲೂ ಅಲ್ಲ.

ಹೊಸಬಳು:
ಇದನ್ನು ನಾನೂ ಮಾಡಬಹುದೇ? ಪ್ರೋಗ್ರಾಮಿಂಗ್ ಗೊತ್ತಿಲ್ಲ.

ಅಳಿಸಿದಕಡತ:
ಖಂಡಿತ. ಮೊದಲು ಇಡೀ ಫೋಲ್ಡರ್ ನಕಲು ಮಾಡಿಕೊಳ್ಳಿ, ನಕಲಿನ ಮೇಲೆ ಮಾತ್ರ ಕೈಯಾಡಿಸಿ. ಹೊಸ ಪಾತ್ರ ಮಾಡುವುದಕ್ಕೆ ಮುಂಚೆ ಇರುವ ಪಾತ್ರದ ಒಂದೇ ಸಂಖ್ಯೆ ಬದಲಿಸಿ ನೋಡಿ. ಡೆನಿಸ್‌ನ ಓಟದ ವೇಗ ಹೆಚ್ಚಿಸಿ, ಪರದೆಯ ಆಚೆ ಹೋಗಿ ಬೀಳುತ್ತಾನೆ, ನಗು ಬರುತ್ತದೆ. ಚಿತ್ರ ಬದಲಿಸುವುದಕ್ಕೆ ಸಾಮಾನ್ಯ ಪೇಂಟ್ ತಂತ್ರಾಂಶ ಸಾಕು, ಎಲ್ಲವೂ ಬಿಎಂಪಿ ಚಿತ್ರಗಳೇ. ಹೊಸ ಪಾತ್ರವನ್ನು ಆಟಕ್ಕೆ ಪರಿಚಯಿಸಲು ಡೇಟಾ ಪಠ್ಯ ಕಡತದಲ್ಲಿ ಒಂದು ಸಾಲು ಸೇರಿಸಬೇಕು, ಅಷ್ಟೇ.

ಪುಸ್ತಕಹುಳು:
ಇದೇ 1999ರಲ್ಲಿ ಎಲೆಕ್‌ಬೈಟ್ ಎಂಬ ತಂಡ ಮುಗೆನ್ ಬಿಡುಗಡೆ ಮಾಡಿತು. ಅದು ಕಾದಾಟದ ಆಟ ಕಟ್ಟುವುದಕ್ಕೆಂದೇ ಮಾಡಿದ ಸಲಕರಣೆ. ಅದರಲ್ಲಿ ಮಾಡಿದ ಪಾತ್ರಗಳಿಗೆ ಲೆಕ್ಕವಿಲ್ಲ. ಆದರೆ ಮುಗೆನ್ ತೆರೆದವನು ಪಾತ್ರ ಸಂಗ್ರಹಿಸುವುದರಲ್ಲೇ ಕಳೆದುಹೋಗುತ್ತಾನೆ, ಆಡುವುದು ಕಡಿಮೆ. ಲಿಟ್ಲ್ ಫೈಟರ್ 2ರಲ್ಲಿ ಮೊದಲು ಆಟವಿದೆ, ಬಿಚ್ಚುವುದು ಆಮೇಲೆ. ಆ ಕ್ರಮ ಮುಖ್ಯ ಎಂದು ನನ್ನ ಅಭಿಪ್ರಾಯ.

ಅಳಿಸಿದಕಡತ:
ಮುಗೆನ್ ಬಗ್ಗೆ ನೀವು ಹೇಳಿದ್ದು ಅನ್ಯಾಯ. ಅಲ್ಲೂ ಆಡುವವರಿದ್ದಾರೆ, ಚೆನ್ನಾಗಿಯೇ ಆಡುತ್ತಾರೆ.

ಪುಸ್ತಕಹುಳು:
ಇದ್ದಾರೆ. ಸಂಗ್ರಹಿಸುವವರು ಅದಕ್ಕಿಂತ ಹೆಚ್ಚು.

ನಿದ್ದೆಗೆಟ್ಟವನು:
ನಾನೊಂದು ನಿಜ ಹೇಳಲೇ? ನಮ್ಮಲ್ಲಿ ಯಾರೂ ನೀಲಿ ಪಟ್ಟಿ ಕೆಂಪು ಪಟ್ಟಿ ಎಂದು ಲೆಕ್ಕ ಹಾಕಲಿಲ್ಲ. ಎಫ್6 ಒತ್ತಿದರೆ ಶಕ್ತಿ ಮುಗಿಯುವುದೇ ಇಲ್ಲ. ಎಫ್7 ಒತ್ತಿದರೆ ಎಲ್ಲರ ಜೀವವೂ ತುಂಬಿತು. ಎಫ್8 ಒತ್ತಿದರೆ ಆಕಾಶದಿಂದ ಆಯುಧಗಳ ಮಳೆ. ಎಂಟೂ ಜನರದೂ ಜೂಲಿಯನ್ ಪಾತ್ರವೇ. ಪರದೆಯಲ್ಲಿ ಏನಾಗುತ್ತಿದೆ ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅದೇ ಆಟ. ನಿಮ್ಮ ವ್ಯಾಕರಣವೆಲ್ಲ ಆಮೇಲೆ ಸೇರಿಸಿದ್ದು.

ಏಳುಕೀಲಿ:
ಎಫ್6 ಒತ್ತುವವರ ಜೊತೆ ನಾನು ಆಡುವುದಿಲ್ಲ.

ಬೆಳ್ಳಿಚುಕ್ಕಿ:
ಇಬ್ಬರೂ ಸರಿಯೇ ತಾನೇ? ಮೋಸದ ಕೀಗಳನ್ನು ಬಚ್ಚಿಡದೆ ಎದುರಿಗೇ ಇಟ್ಟರು. ಬೇಕಾದವರು ಒತ್ತುತ್ತಾರೆ, ಬೇಡವಾದವರು ಬೈಯುತ್ತಾರೆ. ಇಂದಿನ ಎಷ್ಟೋ ಉಚಿತ ಆಟಗಳಲ್ಲಿ ಅದೇ ಶಕ್ತಿಯ ಪಟ್ಟಿಯನ್ನು ತುಂಬಿಸಿಕೊಳ್ಳಲು ಹಣ ಕೇಳುತ್ತಾರೆ ಅಥವಾ ಜಾಹೀರಾತು ನೋಡಿಸುತ್ತಾರೆ. ಅವನ್ನೂ ಉಚಿತ ಎಂದೇ ಕರೆಯುತ್ತೇವೆ. ಈ ಆಟದಲ್ಲಿ ಗುಪ್ತ ಪಾತ್ರಗಳಿಗೂ ಹಣವಿಲ್ಲ. ಪಾತ್ರ ಆರಿಸುವ ಪರದೆಯಲ್ಲಿ ಆಟದ ಜಾಲತಾಣದ ವಿಳಾಸವನ್ನು ಬೆರಳಚ್ಚಿಸಿದರೆ ದೊಡ್ಡ ಶತ್ರುಗಳಾದ ಬಾಸ್‌ಗಳಿಂದ ಹಿಡಿದು ಬೀದಿ ಪುಂಡರವರೆಗೆ ಎಲ್ಲರೂ ನಮ್ಮ ಕೈಗೆ ಬರುತ್ತಾರೆ. ಜಾಹೀರಾತು ಎನ್ನುವುದಾದರೆ ಅದೊಂದೇ ಜಾಹೀರಾತು.

ಹೊಸಬಳು:
ಅಯ್ಯೋ, ಇದು ಮೊದಲೇ ಗೊತ್ತಿದ್ದರೆ! ಐದನೆಯ ಸ್ಟೇಜಿನಲ್ಲಿ ಜೂಲಿಯನ್ ಕೈಯಲ್ಲಿ ಎಷ್ಟು ಪೆಟ್ಟು ತಿಂದಿದ್ದೇನೆ.

ಏಳುಕೀಲಿ:
ಜೂಲಿಯನ್ ಎದುರು ಹಾಲು ಉಳಿಸಿಕೊಳ್ಳಿ. ಹಾಲು ಕುಡಿದರೆ ಜೀವ, ಬಿಯರ್ ಕುಡಿದರೆ ನೀಲಿ ಶಕ್ತಿ. ತಂಡದಲ್ಲಿ ಜಾನ್ ಒಬ್ಬನಿರಲಿ, ಗಾಯ ವಾಸಿ ಮಾಡುತ್ತಾನೆ. ಒಬ್ಬರೇ ಆಡುವುದಾದರೆ, ದಾರಿಯಲ್ಲಿ ಜೊತೆಗೂಡುವ ಆಳುಗಳನ್ನು ಮುಂದೆ ಬಿಟ್ಟು ನೀವು ಹಿಂದೆ ನಿಲ್ಲಿ.

ಕೊಳಲುಬಾಣ:
ಹಿಂದೆ ನಿಂತು ಹೊಡೆಯಿರಿ ಎನ್ನುತ್ತಿದ್ದೀರಿ. ಹೆನ್ರಿಯಂತೆ.

ಏಳುಕೀಲಿ:
ಯಂತ್ರದ ಎದುರು ಯಾವ ಹೇಡಿತನವೂ ತಪ್ಪಲ್ಲ.

ತಾಂತ್ರಿಕತಾತ:
ಬಾಸ್ ಬಿಡುವ ಚೆಂಡುಗಳ ಬಗ್ಗೆಯೂ ಒಂದು ಮಾತು. ಬರುವ ಶಕ್ತಿ ಚೆಂಡಿಗೆ ಸರಿಯಾದ ಕ್ಷಣದಲ್ಲಿ ಗುದ್ದಿದರೆ ಅದು ತಿರುಗಿ ಬಿಟ್ಟವನ ಮೇಲೇ ಹೋಗುತ್ತದೆ. ಇಬ್ಬರು ಡೇವಿಸ್‌ಗಳು ಎದುರು ಬದುರು ನಿಂತು ಒಂದೇ ಚೆಂಡನ್ನು ಅತ್ತಿಂದಿತ್ತ ಗುದ್ದುತ್ತಾ ಹೋದರೆ, ಯಾರ ಬೆರಳು ಮೊದಲು ತಪ್ಪುತ್ತದೋ ಅವರಿಗೆ ಪೆಟ್ಟು. ಹಾಗೆಯೇ ಪೆಟ್ಟು ತಿಂದು ಗಾಳಿಯಲ್ಲಿ ಹಾರುತ್ತಿರುವಾಗ ಜಿಗಿತದ ಕೀ ಒತ್ತಿದರೆ ಲಾಗ ಹೊಡೆದು ಕಾಲ ಮೇಲೆ ನಿಲ್ಲುತ್ತೀರಿ. ಈ ಎರಡನ್ನು ಕಲಿತವರಿಗೆ ಆಟ ಬೇರೆಯೇ ಆಗಿ ಕಾಣುತ್ತದೆ. ಯಾವ ಪಾಠವನ್ನೂ ಆಟ ಬಾಯಿಬಿಟ್ಟು ಹೇಳಿಕೊಡುವುದಿಲ್ಲ, ಪಕ್ಕದಲ್ಲಿ ಕುಳಿತವನು ಮಾಡುವುದನ್ನು ನೋಡಿ "ಅದು ಹೇಗೆ ಮಾಡಿದೆ?" ಎಂದು ಕೇಳಬೇಕು. ಮೂಲೆಮನೆಯವರ ಪ್ರಶ್ನೆಗೆ ನನ್ನ ಉತ್ತರ ಇದೇ. ಈ ಆಟದ ವಿದ್ಯೆ ಒಬ್ಬರಿಂದ ಒಬ್ಬರಿಗೆ ದಾಟುವುದು ಮೊಣಕೈಗೆ ಮೊಣಕೈ ತಾಗಿಸಿ ಕುಳಿತಾಗ.

ದೂರದವನು:
ಮೊಣಕೈ ತಾಗಿಸಲು ಯಾರೂ ಇಲ್ಲದವರು ಏನು ಮಾಡಬೇಕು? ಕೆಲಸದ ಮೇಲೆ ಎಲ್ಲರೂ ಚದುರಿಹೋಗಿದ್ದೇವೆ. ನೆಟ್‌ವರ್ಕ್ ಆಟ ಪ್ರಯತ್ನಿಸಿದೆವು. ಒಬ್ಬನ ಸಂಪರ್ಕ ತಡವರಿಸಿದರೆ ಎಲ್ಲರ ಪರದೆಯೂ ತಡವರಿಸುತ್ತದೆ. ಎಂಟು ಜನರಿದ್ದರೆ ನಿಧಾನ ಚಲನೆಯ ಸಿನಿಮಾ.

ತಾಂತ್ರಿಕತಾತ:
ಅದು ಆ ಕಾಲದ ಪದ್ಧತಿ. ಎಲ್ಲ ಕಂಪ್ಯೂಟರ್‌ಗಳೂ ಒಂದೇ ಆಟವನ್ನು ತಮ್ಮ ತಮ್ಮಲ್ಲೇ ನಡೆಸುತ್ತವೆ, ಪರಸ್ಪರ ಕಳಿಸಿಕೊಳ್ಳುವುದು ಯಾರು ಯಾವ ಕೀ ಒತ್ತಿದರು ಎಂಬುದನ್ನು ಮಾತ್ರ. ಎಲ್ಲರ ಕೀ ಬಂದ ಮೇಲೇ ಮುಂದಿನ ಹೆಜ್ಜೆ. ಒಬ್ಬರದು ಬರಲಿಲ್ಲವೆಂದರೆ ಎಲ್ಲರೂ ಕಾಯಬೇಕು. ಒಂದೇ ಕಟ್ಟಡದ ಒಳಗಿನ ಸಂಪರ್ಕಕ್ಕೆ ಇದು ಸೊಗಸಾಗಿ ನಡೆಯುತ್ತದೆ, ದೂರಕ್ಕೆ ನಡೆಯುವುದಿಲ್ಲ.

ಈಗ ಬಂದಿರುವ ರೋಲ್‌ಬ್ಯಾಕ್ ಪದ್ಧತಿ ಬೇರೆ. ಎದುರಿನವನು ಏನು ಒತ್ತುತ್ತಾನೆ ಎಂದು ಊಹಿಸಿ ಆಟ ಮುಂದೆ ಸಾಗುತ್ತದೆ. ಊಹೆ ತಪ್ಪಾದರೆ ಕೆಲವು ಫ್ರೇಮ್ ಹಿಂದೆ ಹೋಗಿ, ಸರಿಪಡಿಸಿ, ಕಣ್ಣು ಮಿಟುಕಿಸುವುದರೊಳಗೆ ಮರಳಿ ಬರುತ್ತದೆ. ಇದನ್ನು ಜನಪ್ರಿಯಗೊಳಿಸಿದ್ದು ಟೋನಿ ಕ್ಯಾನನ್ ಬರೆದ ಜಿಜಿಪಿಒ ಎಂಬ ತಂತ್ರಾಂಶ. 2019ರಲ್ಲಿ ಅದರ ಮೂಲ ಸಂಕೇತವನ್ನೂ ಮುಕ್ತಗೊಳಿಸಿದರು. 2001ರ ಸ್ಮ್ಯಾಶ್ ಬ್ರದರ್ಸ್ ಮೆಲೀ ಆಟಕ್ಕೆ ಅಭಿಮಾನಿಗಳೇ 2020ರಲ್ಲಿ ಸ್ಲಿಪ್ಪಿ ಎಂಬ ತಂತ್ರಾಂಶದ ಮೂಲಕ ರೋಲ್‌ಬ್ಯಾಕ್ ಜೋಡಿಸಿದರು. ಆಟ ಎಷ್ಟೇ ಹಳೆಯದಿರಲಿ, ಹಟ ಹಿಡಿದವರಿದ್ದರೆ ದಾರಿ ಸಿಗುತ್ತದೆ.

ದೂರದವನು:
ಹಾಗಾದರೆ ಅದೇ ತಯಾರಕರ ಮುಂದಿನ ಆಟಗಳು ಇತ್ತಲ್ಲ, ಅವುಗಳಿಗೆ ಏನಾಯಿತು?

ಪುಸ್ತಕಹುಳು:
ಲಿಟ್ಲ್ ಫೈಟರ್ ಆನ್‌ಲೈನ್ ಬಂತು. ಅದು ಸರ್ವರ್ ನೆಚ್ಚಿಕೊಂಡ ಆಟ, ಸರ್ವರ್ ನಿಂತ ಮೇಲೆ ಆಟವೂ ನಿಂತಿತು. 2009ರಲ್ಲಿ ಮಾರ್ಟಿ ವಾಂಗ್ ಹೀರೋ ಫೈಟರ್ ತಂದರು, ಫ್ಲ್ಯಾಶ್ ಎಂಬ ತಂತ್ರಾಂಶದ ನೆರವಿನಿಂದ ಬ್ರೌಸರ್‌ನಲ್ಲೇ ಆಡಬಹುದಾದ ಆಟ. ಚೆನ್ನಾಗಿತ್ತು. 2020ರ ಕೊನೆಗೆ ಫ್ಲ್ಯಾಶ್ ಬೆಂಬಲವೇ ಮುಗಿಯಿತು. ಇತ್ತ 1999ರ ಆಟ ಒಂದು ಫೋಲ್ಡರ್, ಒಂದು ಎಕ್ಸೆ ಕಡತ. ಯಾರ ಅನುಮತಿಯೂ ಬೇಡ, ಯಾವ ಖಾತೆಯೂ ಬೇಡ. ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಹೋದರೆ ಹೋದಲ್ಲಿ ನಡೆಯುತ್ತದೆ. ಹೊಸದು ಸಾಯುತ್ತಿರುವಾಗ ಹಳೆಯದು ಬದುಕಿದ್ದಕ್ಕೆ ಅರ್ಧ ಕಾರಣ ಇಷ್ಟೇ ಇರಬಹುದು.

ಬೆಳ್ಳಿಚುಕ್ಕಿ:
ಈ ಮಾತಿಗೆ ನನ್ನ ಪೂರ್ಣ ಒಪ್ಪಿಗೆ. ವಿನ್ಯಾಸ, ವ್ಯಾಕರಣ ಎಲ್ಲ ಸರಿ, ಮೊದಲು ಆಟ ತೆರೆದುಕೊಳ್ಳಬೇಕಲ್ಲ.

ನಿದ್ದೆಗೆಟ್ಟವನು:
ನಾನು ಬಿಟ್ಟಿ ಎಂದಾಗ ಎಲ್ಲರೂ ಮೇಲೆ ಬಿದ್ದಿರಿ. ಈಗ ಪುಸ್ತಕಹುಳು ಅದನ್ನೇ ಹೇಳಿದರೆ ಪೂರ್ಣ ಒಪ್ಪಿಗೆ.

ಪುಸ್ತಕಹುಳು:
ಬಿಟ್ಟಿ ಬೇರೆ, ನಮ್ಮ ಕೈಯಲ್ಲಿರುವುದು ಬೇರೆ. ಹೀರೋ ಫೈಟರ್‌ಗೂ ನಾವು ಹಣ ಕೊಟ್ಟಿರಲಿಲ್ಲ.

ನಿರ್ವಾಹಕ:
ಒಂದು ಎಚ್ಚರಿಕೆ. ಈ ಆಟದ ಹೆಸರಿನಲ್ಲಿ ಅಲ್ಲಿ ಇಲ್ಲಿ ಸಿಗುವ ಎಕ್ಸೆ ಕಡತಗಳನ್ನೆಲ್ಲ ನಂಬಬೇಡಿ, ಬೇರೆ ತಂತ್ರಾಂಶಗಳನ್ನು ಜೊತೆಗೆ ಸೇರಿಸಿ ಕಟ್ಟಿರುವ ಕಂತೆಗಳಿವೆ. ತಯಾರಕರ ತಾಣದ್ದನ್ನೇ ಇಳಿಸಿಕೊಳ್ಳಿ. ಅಭಿಮಾನಿಗಳು ಬದಲಿಸಿ ಮಾಡಿದ ಮಾಡ್‌ಗಳನ್ನು ಹಾಕುವ ಮೊದಲು ವೈರಸ್ ತಪಾಸಣೆ ಮಾಡಿ. ಹೆನ್ರಿ ಬಗ್ಗೆ ವೈಯಕ್ತಿಕ ನಿಂದನೆ ಬೇಡ ಎಂದು ಕೊಳಲುಬಾಣ ದೂರು ಕೊಟ್ಟಿದ್ದಾರೆ, ದೂರನ್ನು ತಿರಸ್ಕರಿಸಲಾಗಿದೆ.

ಕೊಳಲುಬಾಣ:
ನಿರ್ವಾಹಕರು ವುಡಿ ಆಡುತ್ತಾರೆ ಎಂದು ಎಲ್ಲರಿಗೂ ಗೊತ್ತು. ಎಷ್ಟೇ ದೂರವಿದ್ದರೂ ಮಾಯವಾಗಿ ಶತ್ರುವಿನ ಹತ್ತಿರವೇ ಪ್ರತ್ಯಕ್ಷವಾಗುವವನ ಪಾತ್ರವನ್ನು ಆಡುತ್ತಾ ಬಾಣದ ಮೇಲೆ ತೀರ್ಪು ಕೊಡುತ್ತಾರೆ.

ಅಕ್ಕನಮಗ:
ನಮಸ್ಕಾರ, ಮೂಲೆಮನೆಯವರ ಅಕ್ಕನ ಮಗ ನಾನು. ಖಾತೆ ಮಾಮನೇ ಮಾಡಿಕೊಟ್ಟರು. ಮಾಮ ಸೋತಾಗಲೆಲ್ಲ ಎಫ್7 ಒತ್ತುತ್ತಾರೆ. ಅದನ್ನು ಇಲ್ಲಿ ಬರೆದಿಲ್ಲ.

ಏಳುಕೀಲಿ:
ಮೂಲೆಮನೆಯವರೇ, ಉತ್ತರಿಸಿ.

ಮೂಲೆಮನೆ:
ಎಫ್7 ಎಲ್ಲರ ಜೀವವನ್ನೂ ತುಂಬಿಸುತ್ತದೆ, ನನ್ನದೊಂದನ್ನೇ ಅಲ್ಲ. ಆದ್ದರಿಂದ ಅದು ನ್ಯಾಯಸಮ್ಮತ.

ಅಕ್ಕನಮಗ:
ಆಗ ನನ್ನ ಜೀವ ತುಂಬಿಯೇ ಇರುತ್ತದೆ ಮಾಮ.

ದೂರದವನು:
ರೋಲ್‌ಬ್ಯಾಕ್ ಬರುವವರೆಗೆ ಕಾಯಲು ಆಗುವುದಿಲ್ಲ. ಶನಿವಾರ ರಾತ್ರಿ ನಾಲ್ವರೇ ಆಡೋಣ, ಜನ ಕಡಿಮೆಯಾದರೆ ತಡವರಿಕೆಯೂ ಕಡಿಮೆ. ನಾನು, ಹೊಸಬಳು ಅವರು, ಅಳಿಸಿದಕಡತ ಇದ್ದೇವೆ. ಇನ್ನೊಬ್ಬರು ಬೇಕು. ನಿಯಮ: ಎಫ್ ಸಾಲಿನ ಯಾವ ಕೀಯೂ ಇಲ್ಲ, ಮಾಡ್ ಇಲ್ಲ, ಎಲ್ಲರದೂ 2.0ಎ ಆವೃತ್ತಿಯೇ ಇರಬೇಕು.

ಕೊಳಲುಬಾಣ:
ನಾನು ಬರುತ್ತೇನೆ.

ಅಳಿಸಿದಕಡತ:
ಹೆನ್ರಿ ಇಲ್ಲದಿದ್ದರೆ ಬನ್ನಿ.

ಕೊಳಲುಬಾಣ:
ರುಡಾಲ್ಫ್ ತೆಗೆದುಕೊಳ್ಳುತ್ತೇನೆ. ನಿಮ್ಮನ್ನೇ ಹಿಡಿದು ನಿಮ್ಮ ರೂಪದಲ್ಲೇ ನಿಮ್ಮನ್ನು ಹೊಡೆಯುತ್ತೇನೆ.

ನಿರ್ವಾಹಕ:
ಐಪಿ ವಿಳಾಸಗಳನ್ನು ಇಲ್ಲಿ ಬಹಿರಂಗವಾಗಿ ಹಾಕಬೇಡಿ, ಖಾಸಗಿ ಸಂದೇಶದಲ್ಲಿ ಕಳಿಸಿಕೊಳ್ಳಿ. ಐದನೆಯವನಾಗಿ ನನಗೂ ಜಾಗ ಸಿಗುತ್ತದೆಯೇ?

ಏಳುಕೀಲಿ:
ಮತ್ತೆ ನಿಧಾನ ಚಲನೆಯ ಸಿನಿಮಾ ಶುರುವಾಯಿತು.